ಎರಡು ಕಣ್ಣಿನ ಡಬ್ಬಿಯ ಹಣೆ

ಅಣ್ಣಿಗೇರಿಯ ನನ್ನ ಮನೆಗೆ ಈಗ ಆಗಾಗ ತರುಣರು ಬರುತ್ತಾರೆ. ಹುಬ್ಬಳ್ಳಿ ಕಡೆಯವರೇ ಹೆಚ್ಚು. ಕಿಸೆಯಲ್ಲಿ ಹೊಸ ಮೊಬೈಲು, ಕೊರಳಲ್ಲಿ ಅಜ್ಜನ ಕಾಲದ ರೋಲ್ ಕ್ಯಾಮೆರಾ. ಮೊಬೈಲಿನಲ್ಲಿ ಬಾರದ್ದೇನೋ ಆ ಕ್ಯಾಮೆರಾದಲ್ಲಿ ಬರುತ್ತದಂತೆ. ಏನದು ಎಂದು ಕೇಳಿದರೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಕೈಯಾಡಿಸಿ ಏನೋ ತೋರಿಸುತ್ತಾರೆ. ಆಮೇಲೆ ಮೆತ್ತಗೆ ವಿಷಯಕ್ಕೆ ಬರುತ್ತಾರೆ. "ಕಾಕಾ, ಇದಕ್ಕ ರೋಲ್ ಹಾಕೂದು ಹೆಂಗ್ರಿ?"

ಜೀವಮಾನವೆಲ್ಲ ಬಸ್ ಸ್ಟ್ಯಾಂಡಿನ ಎದುರು ಫೋಟೊ ಸ್ಟುಡಿಯೊ ನಡೆಸಿದವನು ನಾನು. ಮೊದಲು ರೋಲ್ ಸಿಗುವುದು ನಿಂತಿತು, ಆಮೇಲೆ ಗಿರಾಕಿ ಬರುವುದು ನಿಂತಿತು, ಕೊನೆಗೆ ನನ್ನ ಮೊಣಕಾಲೂ ಒಲ್ಲೆನೆಂದಾಗ ಬಾಗಿಲು ಹಾಕಿದೆ. ಈಗ ಅಲ್ಲಿ ಝೆರಾಕ್ಸ್ ಅಂಗಡಿ ಇದೆ. ನಾವು ಬಾಗಿಲು ಹಾಕಿ ಬಂದ ಕಸುಬಿಗೆ ಹೊಸಬರು ಸೇರಲು ಬರುತ್ತಾರೆಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನನ್ನ ಹೆಂಡತಿ ಮಹಾದೇವಿಗೆ ಮಾತ್ರ ಅಂಥ ಗೊಂದಲವಿಲ್ಲ. ಬಂದವರ ಕೈಗೆ ಚಹಾ ಕೊಡುತ್ತಲೇ ಅವಳು ವಿಚಾರಣೆ ಮುಗಿಸುತ್ತಾಳೆ. "ಯಪ್ಪಾ, ಲಗ್ನ ಆಗೇತೇನ? ಇಲ್ಲಂದ್ರ ಮದ್ಲ ಲಗ್ನ ಮಾಡ್ಕೊ. ಈ ಹುಚ್ಚ ಹತ್ತೇತಿ ಅಂತ ಗೊತ್ತಾದ್ರ ಯಾರೂ ಹೆಣ್ಣ ಕೊಡೂದಿಲ್ಲ."

ಹುಚ್ಚು ಹೇಗಿರುತ್ತದೆ, ಅದರ ಹಿಂದಿನ ಕಸುಬು ಹೇಗಿತ್ತು ಎಂದು ಆ ಹುಡುಗರಿಗೆ ಬಾಯಿಂದ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೂ ಕ್ಯಾಮೆರಾ ಕೊಳ್ಳುವವರು ಕೊಳ್ಳಲಿ. ನಾನು ಬೇಡವೆಂದರೆ ಕೇಳುವವರು ಯಾರು, ನನ್ನ ಮಾತನ್ನು ನಾನೇ ಕೇಳಲಿಲ್ಲ.

ನಾನು ಕೆಲಸ ಕಲಿತದ್ದು ನವಲಗುಂದದ ಖಾದರಸಾಬರ ಕೈಯಲ್ಲಿ. ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು. ದೊಡ್ಡ ಹೊಟ್ಟೆ, ಸಣ್ಣ ಧ್ವನಿ, ಬಾಯಿಯಲ್ಲಿ ಸದಾ ಎಲೆಯಡಿಕೆ. ಬೈಯಬೇಕೆನಿಸಿದರೆ ಮೊದಲು ಎದ್ದು ಹೋಗಿ ಉಗುಳಿ ಬರಬೇಕು, ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಇದರಿಂದ ನಾನು ಬಹಳ ಬೈಗುಳ ಉಳಿಸಿಕೊಂಡೆ.

ಉಸ್ತಾದರು ಕಲಿಸಿದ ಮೊದಲ ವಿದ್ಯೆ 'ಒಣಾ ಹೊಡೆಯುವುದು'. ಈಗಿನವರಿಗೆ ಇದು ಗೊತ್ತಿರಲಾರದು. ಒಂದು ಮದುವೆಗೆ ನಾವು ಒಯ್ಯುತ್ತಿದ್ದ ರೋಲು ಕೆಲವೇ. ಮದುವೆಯಲ್ಲಿ ಬೀಗರು ಮಾತ್ರ ಲೆಕ್ಕವಿಲ್ಲದಷ್ಟು. ವರನ ಸೋದರತ್ತೆಯ ನಾದಿನಿಯ ಮೈದುನನೂ ಹಂದರದಲ್ಲಿ ಎದೆ ಉಬ್ಬಿಸಿ ನಿಂತು "ನಂದೊಂದ ಹೊಡಿ" ಎನ್ನುತ್ತಿದ್ದ. ಇಲ್ಲವೆಂದರೆ ಬೀಗರ ನಡುವೆ ಜಗಳ ಹತ್ತುತ್ತಿತ್ತು. ಆಗ ನಾವು ಕ್ಯಾಮೆರಾ ಎತ್ತಿ, ಒಂದು ಕಣ್ಣು ಮುಚ್ಚಿ, ಬರೀ ಫ್ಲ್ಯಾಶ್ ಹೊಡೆಯುತ್ತಿದ್ದೆವು. ರೋಲ್ ಕದಲುತ್ತಿರಲಿಲ್ಲ. ಬೆಳಕು ಮುಖಕ್ಕೆ ಬಿದ್ದ ಕೂಡಲೇ ಮನುಷ್ಯ ತೃಪ್ತನಾಗಿ ಊಟದ ಪಂಕ್ತಿಗೆ ಹೋಗುತ್ತಿದ್ದ.

ನಾನು ಹೊಸದರಲ್ಲಿ ಕೇಳಿದ್ದೆ. "ಉಸ್ತಾದ, ಇದು ಮೋಸ ಅಲ್ಲೇನ್ರಿ?"

ಅವರು ಎದ್ದು ಹೋಗಿ ಉಗುಳಿ ಬಂದು ಹೇಳಿದರು. "ಮೋಸ ಹೆಂಗ ಆಕ್ಕೈತಿ ಲೇ? ಫೋಟೊ ಬರೂದು ಬ್ಯಾರೆ, ಫೋಟೊ ತಗಿಸ್ಕೊಳ್ಳೂದು ಬ್ಯಾರೆ. ಮದ್ಲಿಂದು ಎಲ್ಲಾರಿಗೂ ಕೊಡಾಕ ಆಗೂದಿಲ್ಲ. ಎರಡನೇದ್ದಕ್ಕ ಯಾರಿಗೂ ಇಲ್ಲ ಅನಬಾರದು."

ಈ ವಿದ್ಯೆಯಿಂದ ನನ್ನ ಬೆನ್ನು ಬಿದ್ದವರೂ ಇದ್ದರು. ಮಿಶ್ರಿಕೋಟಿಯ ಒಬ್ಬ ಹಿರಿಯರು ಆ ಕಡೆಯ ಎಲ್ಲ ಮದುವೆಗೂ ಬೀಗರೇ. ಎಲ್ಲ ಮದುವೆಯಲ್ಲೂ ನಾನು ಅವರಿಗೆ ಒಣಾ ಹೊಡೆದಿದ್ದೆ. ಅವರು ಪ್ರತಿ ಸಲ ಬಸ್ ಹತ್ತಿ ಸ್ಟುಡಿಯೊಕ್ಕೆ ಬಂದು "ನನ್ನ ಫೋಟೊ ಎಲ್ಲೈತಿ?" ಎನ್ನುವುದು, ನಾನು "ಕಣ್ಣ ಮುಚ್ಚಿದ್ರಿ, ಕೆಟ್ಟ ಹೋತ್ರಿ" ಎನ್ನುವುದು ರೂಢಿಯಾಗಿತ್ತು. ಕೊನೆಗೊಮ್ಮೆ ಅವರ ಮುಖ ಬಾಡಿತು. "ಹಂಗಂದ್ರ ಎಲ್ಲಾ ಮದಿವ್ಯಾಗೂ ನಂದ ಕಣ್ಣ ಯಾಕ ಮುಚ್ಚತಾವು?" ಎಂದು ಚಿಂತೆ ಹಚ್ಚಿಕೊಂಡು ನೆಟ್ಟಗೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಬಳಿ ಹೋದರು. ನಾನು ಹೆದರಿ ಸ್ಟುಡಿಯೊದ ಅರ್ಧ ಬಾಗಿಲು ಹಾಕಿಕೊಂಡು ಕೂತಿದ್ದೆ. ಕೆಲವು ದಿನ ಬಿಟ್ಟು ಅವರು ಕಪ್ಪು ಕನ್ನಡಕ ಹಾಕಿಕೊಂಡು, ಹೆಗಲ ಮೇಲೆ ಒಂದು ಚೀಲ ಸೌತೆಕಾಯಿ ಹೊತ್ತುಕೊಂಡು ಬಂದರು. "ಪೊರಿ ಬಂದಿತ್ತಂತ. ಛಲೋ ಹೊತ್ತಿಗೆ ಬಂದಿ ಅಂದ್ರು ಡಾಕ್ಟರು. ನೀ ಹೇಳಿದ್ದಕ್ಕ ನನ್ನ ಕಣ್ಣ ಉಳದ್ವು ತಮ್ಮಾ" ಎಂದು ನನ್ನ ಕೈ ಹಿಡಿದುಕೊಂಡರು. ಆ ದಿನ ನಿಜವಾದ ರೋಲ್ ಹಾಕಿ, ಕನ್ನಡಕ ತೆಗೆಸಿ, ಕಣ್ಣು ಅಗಲವಾಗಿ ಬಿಡಿಸಿ ಅವರ ಫೋಟೊ ತೆಗೆದೆ. ನಾವು ಒಂದು ವಾರ ಸೌತೆಕಾಯಿ ತಿಂದೆವು.

ಇನ್ನು ಹುಚ್ಚಿನ ಮಾತು. ಡಿಜಿಟಲ್ ಬಂದ ಕೂಡಲೇ ನಮ್ಮ ಕಡೆಯ ಸ್ಟುಡಿಯೊದವರೆಲ್ಲ ರೋಲ್ ಕ್ಯಾಮೆರಾಗಳನ್ನು ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ ಹಾಕತೊಡಗಿದರು. ನಮಗೆ ಅನ್ನ ಹಾಕಿದ ವಸ್ತು ಹಳೆ ಪಂಪುಸೆಟ್ಟಿನ ಜೊತೆ ಬಿದ್ದಿರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮೊದಲನೆಯದನ್ನು ಮರುಕದಿಂದ ತಂದೆ. ಎರಡನೆಯದನ್ನು ಮೊದಲನೆಯದಕ್ಕೆ ಜೊತೆ ಇರಲಿ ಎಂದು ತಂದೆ. ಮೂರನೆಯದರಿಂದ ಮುಂದೆ ಕಾರಣ ಕೊಡುವುದನ್ನು ಬಿಟ್ಟೆ. ಸಂತೆಗೆ ಚೀಲ ಹಿಡಿದು ಹೋದವನು ಬದನೆಕಾಯಿಯ ಕೆಳಗೆ ಲೆನ್ಸ್ ಮುಚ್ಚಿಟ್ಟುಕೊಂಡು ಬರುತ್ತಿದ್ದೆ. ಮಹಾದೇವಿ ಚೀಲವನ್ನು ತಳ ಮೇಲು ಮಾಡಿ ಸುರಿಯುವವಳು ಎಂದು ತಿಳಿದ ಮೇಲೆ ಬೇರೆ ದಾರಿ ಹುಡುಕಿದೆ.

ಹಳೆ ಕ್ಯಾಮೆರಾದೊಳಗೆ ಹಳೆ ರೋಲ್ ಸಿಗುತ್ತದೆ, ಅದನ್ನು ತೊಳೆದರೆ ಯಾರದೋ ಗುಟ್ಟು ಬಯಲಾಗುತ್ತದೆ ಎಂದು ಈ ಹುಡುಗರಿಗೆ ಬಹಳ ಆಸೆ. ನಾನು ಬಿಚ್ಚಿದ ಕ್ಯಾಮೆರಾಗಳಲ್ಲಿ ಸಿಕ್ಕದ್ದು ಸತ್ತ ಜಿರಲೆ, ಅಡಿಕೆ ಚೂರು, ಒಮ್ಮೆ ಒಂದು ಕೃತಕ ಹಲ್ಲು. ಹಲ್ಲು ಯಾರದೆಂದು ಇಂದಿಗೂ ಗೊತ್ತಾಗಿಲ್ಲ.

ಇಟ್ಟುಕೊಳ್ಳುವುದು ಇನ್ನೊಂದು ತಾಪತ್ರಯ. ನವಲಗುಂದ ಕಡೆ ಎರೆಮಣ್ಣಿನ ಧೂಳು ಒಳಗೆ ಹೋಗಿ ಗಾಲಿ ಹಿಡಿಯುತ್ತದೆ. ಕಲಘಟಗಿ ಕಡೆಯ ಮಳೆಗೆ ಲೆನ್ಸಿನೊಳಗೆ ಬೂಸು ಬೆಳೆಯುತ್ತದೆ. ಅದಕ್ಕೆ ನಾನು ಜೋಳವನ್ನು ಬೆಚ್ಚಗೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಡಾಂಬರು ಗುಳಿಗೆಯ ಜೊತೆ ಕ್ಯಾಮೆರಾದ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಜೋಳ ತೇವ ಎಳೆದುಕೊಳ್ಳುತ್ತದೆ. ಒಂದು ಪಂಚಮಿಗೆ ನನ್ನ ಅತ್ತೆ ಬಂದಿದ್ದರು. ಹುರಿದ ಜೋಳ ಕಂಡು, ಮಗಳು ಹಬ್ಬದ ಹುರಿಹಿಟ್ಟಿಗೆ, ಅಳ್ಳಿಟ್ಟಿಗೆ ಮೊದಲೇ ತಯಾರಿ ಮಾಡಿಕೊಂಡಿದ್ದಾಳೆಂದು ಮೆಚ್ಚಿ, ಅಷ್ಟನ್ನೂ ಬೀಸಿಬಿಟ್ಟರು. ಬಾಯಿಗೆ ಹಾಕುವ ಮೊದಲೇ ವಾಸನೆ ಬಡಿದು ಎಲ್ಲರೂ ಕೈ ತೆಗೆದರು. "ಅಳಿಯಂದ್ರ ಮನಿ ಅಳ್ಳಿಟ್ಟು ಟ್ರಂಕಿನ ಹಂಗ ನಾರತೈತಿ" ಎಂದು ಅತ್ತೆ ಊರಲ್ಲೆಲ್ಲ ಹೇಳಿದರು.

ಇಷ್ಟೆಲ್ಲ ಕ್ಯಾಮೆರಾ ತಂದರೂ ನನ್ನ ಮನಸ್ಸು ಇದ್ದದ್ದು ಒಂದೇ ಒಂದರ ಮೇಲೆ. ಅದು ನನ್ನ ಮನೆಯಲ್ಲಿರಲಿಲ್ಲ. ಶಲವಡಿಯಲ್ಲಿತ್ತು.

ಶಲವಡಿಯ ಶಂಕರಗೌಡರು ತೀರಿಕೊಂಡಾಗ ಫೋಟೊ ತೆಗೆಯಲು ನನ್ನನ್ನು ಕರೆಸಿದರು. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ಕೂಡಿಸುತ್ತಾರೆ. ಆ ಕೂತ ಫೋಟೊ ಒಂದು ಆಗಲೇಬೇಕು. ಅಂಥ ಎಷ್ಟೋ ಮನೆಗೆ ಹೋಗಿದ್ದೇನೆ, ಹೇಗೆ ನಡೆದುಕೊಳ್ಳಬೇಕೆಂದು ಗೊತ್ತು. ಆದರೆ ಹಿಂದಿನ ದಿನವೆಲ್ಲ ಮದುವೆಯ ಕೆಲಸ ಮಾಡಿ ಬಂದಿದ್ದೆ. ಗೌಡರ ತಲೆಯನ್ನು ಹಿಂದಿನಿಂದ ಪಟ್ಟಿ ಕೊಟ್ಟು ಸ್ವಲ್ಪ ಮೇಲಕ್ಕೆ ಕಟ್ಟಿದ್ದರು. ಕ್ಯಾಮೆರಾ ಕಣ್ಣಿಗೆ ಹಚ್ಚಿದವನೇ ರೂಢಿಯಂತೆ ಅಂದುಬಿಟ್ಟೆ. "ಗೌಡ್ರ, ತಲಿ ಸ್ವಲ್ಪ ಬಗ್ಗಸ್ರಿ."

ಭಜನೆ ನಿಂತಿತು. ಕೂತವರೆಲ್ಲ ಗೌಡರನ್ನೇ ನೋಡಿದರು, ಬಗ್ಗಿಸುತ್ತಾರೋ ಏನೋ ಎನ್ನುವ ಹಾಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ಗೌಡರ ಬದಿಗೆ ಕೂತಿದ್ದ ಅವರ ಹೆಂಡತಿ, ಗೌಡಶಾನಿ ನೀಲವ್ವ, ಮೂಗು ಒರೆಸಿಕೊಂಡು ಹೇಳಿದರು. "ಅವ್ರು ಯಾರ ಮುಂದನೂ ತಲಿ ಬಗ್ಗಿಸಿದವರಲ್ಲ ತಮ್ಮಾ. ಇದ್ದಂಗ ತಗಿ."

ಕಟ್ಟು ಹಾಕಿದ ಫೋಟೊ ಕೊಡಲು ಮತ್ತೆ ಹೋದಾಗ ಅದನ್ನು ದೇವರ ಜಗಲಿಯ ಮೇಲೆ ಇಟ್ಟರು. ಅದರ ಬಾಜುವಿಗೇ ಇತ್ತು ಎರಡು ಕಣ್ಣಿನ ಡಬ್ಬಿ. ಡಬ್ಬಿಯ ಆಕಾರದ ಹಳೆ ಜರ್ಮನ್ ಕ್ಯಾಮೆರಾ, ಮುಂದೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನಾವು ನೋಡಲು, ಕೆಳಗಿನದು ರೋಲ್ ನೋಡಲು. ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿನ ಮುಚ್ಚಳ ತೆರೆದು, ಒಳಗಿನ ಗಾಜಿನಲ್ಲಿ ನೋಡಬೇಕು. ಉಸ್ತಾದರ ಬಳಿಯೂ ಇಂಥದ್ದು ಇರಲಿಲ್ಲ. ಶಂಕರಗೌಡರು ಹರೆಯದಲ್ಲಿ ಮುಂಬೈಯಿಂದ ತಂದದ್ದಂತೆ. ಅದರಲ್ಲಿ ಅವರು ತೆಗೆದದ್ದು ಬರೀ ಎತ್ತುಗಳ ಫೋಟೊ. ಪಡಸಾಲೆಯ ಗೋಡೆಯ ತುಂಬ ಎತ್ತುಗಳಿದ್ದವು, ಒಂದೊಂದೂ ಮದುವಣಿಗನ ಹಾಗೆ ನಿಂತಿತ್ತು. ಆ ಫೋಟೊಗಳಲ್ಲಿ ಎತ್ತಿನ ಮೂಗಿನ ಹಸಿ ಕೂಡ ಕಾಣುತ್ತಿತ್ತು. ಆ ಲೆನ್ಸಿನಲ್ಲಿ ನಾನೂ ಒಂದು ಫೋಟೊ ತೆಗೆಯಬೇಕು ಎಂಬ ಆಸೆ ಅಲ್ಲಿಯೇ ಹುಟ್ಟಿತು. ಎದೆಯಲ್ಲಿ ಕೂತ ಆಸೆ ಏಳಲಿಲ್ಲ.

ಆದರೆ ಎರಡೂ ಕಣ್ಣಿಗೆ ಮೂರು ಬೆರಳು ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿದ್ದರು. ಪ್ರತಿ ಸೋಮವಾರ ಹಳೆಯದನ್ನು ಸೆರಗಿನಿಂದ ಒರೆಸಿ ಹೊಸದು ಬಳಿಯುವುದು ನಾನು ಅವ್ವ ಎನ್ನುತ್ತಿದ್ದ ನೀಲವ್ವನ ಪದ್ಧತಿ. ಲೆನ್ಸಿನ ಗಾಜಿನ ಮೇಲೆ ಬೂದಿ ತಿಕ್ಕುವುದೆಂದರೆ ನನ್ನ ಕರುಳಿಗೇ ತಿಕ್ಕಿದ ಹಾಗಾಯಿತು.

"ಅವ್ವಾರ, ಹಿಂಗ ಇಭೂತಿ ತಿಕ್ಕಿದ್ರ ಇದರ ಕಣ್ಣ ಹೋಗತಾವ್ರಿ" ಎಂದೆ.

"ಇಭೂತಿ ಹಚ್ಚಿದ್ರ ಕಣ್ಣ ಹೋಗತಾವೇನ? ನಾ ಹುಟ್ಟಿದಾಗಿಂದ ಹಚ್ಚಾಕತ್ತೇನಿ. ಇವತ್ತೂ ಸೂಜಿಗೆ ದಾರ ಪೋಣಸ್ತೀನಿ."

"ನೀವು ಹಣಿಗೆ ಹಚ್ಕೊಂತೀರ್ರಿ. ಕಣ್ಣಾಗ ಹಾಕ್ಕೊಳ್ಳೂದಿಲ್ಲಲ್ರಿ."

ಅವ್ವ ಯೋಚನೆಗೆ ಬಿದ್ದರು. ಕ್ಯಾಮೆರಾದ ಮುಂದೆ ಕೂತು ಅದನ್ನು ಹೊಸ ಸೊಸೆಯನ್ನು ನೋಡುವ ಹಾಗೆ ನೋಡಿದರು. "ಖರೇ ಐತಿ. ಹಂಗಾರ ಇದರ ಹಣಿ ಎಲ್ಲೈತಿ? ತೋರಸು."

ಇಂಥ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಮೇಲಿನ ಕಣ್ಣಿನ ಮೇಲೆ ಕಂಪನಿಯ ಹೆಸರು ಕೊರೆದ ಪುಟ್ಟ ಲೋಹದ ಪಟ್ಟಿ ಇತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಇದ ನೋಡ್ರಿ ಹಣಿ" ಎಂದೆ.

"ಅಗದಿ ಬರೋಬ್ಬರಿ. ಕಣ್ಣ ಮ್ಯಾಲೆ ಹಣಿ ಇರೂದ" ಎಂದು ಒಪ್ಪಿ, ಅಂದಿನಿಂದ ವಿಭೂತಿಯನ್ನು ಅಲ್ಲಿಗೇ ಏರಿಸಿದರು.

ಕಣ್ಣು ಉಳಿದವು. ಕ್ಯಾಮೆರಾ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಮಾತ್ರ "ಜಗಲಿ ಮ್ಯಾಲಿಂದು ಯಾರರ ಮಾರ್ತಾರೇನ?" ಎಂದರು. ಒಂದೇ ಒಂದು ಫೋಟೊ ತೆಗೆದು ಕೊಡುತ್ತೇನೆ ಎಂದದ್ದಕ್ಕೆ "ದೇವರನ್ನ ಕೆಲಸಕ್ಕ ಹಚ್ಚತಿ?" ಎಂದರು. ಬಹಳ ಬೇಡಿಕೊಂಡ ಮೇಲೆ ವರ್ಷಕ್ಕೊಮ್ಮೆ, ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ, ಕಣ್ಣಿನ ಧೂಳು ತೆಗೆಯಲು ಅಪ್ಪಣೆ ಕೊಟ್ಟರು.

ಹೀಗೆ ನನಗೆ ಸಂಬಳವಿಲ್ಲದ ಒಂದು ಹುದ್ದೆ ಸಿಕ್ಕಿತು. ಎಷ್ಟೋ ವರ್ಷ ತಪ್ಪದೆ ಹೋದೆ. ರಬ್ಬರಿನ ಗಾಳಿಬುಗ್ಗೆ, ಹಳೆ ಮೆತ್ತನೆಯ ಧೋತರದ ತುಂಡು, ಇಷ್ಟೇ ಸಾಮಾನು. ಧೂಳು ಊದಿ, ಮುಚ್ಚಳ ತೆರೆದು, ಎರಡು ಗಳಿಗೆ ಒಳಗೆ ನೋಡುತ್ತಿದ್ದೆ. ಗಾಜಿನ ಮೇಲೆ ಅಡುಗೆಮನೆಯ ಬಾಗಿಲು, ಬಾಗಿಲಲ್ಲಿ ಹೊಗೆ, ಹೊಗೆಯಲ್ಲಿ ಓಡಾಡುವ ಅವ್ವ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಷ್ಟಕ್ಕೇ ನನಗೆ ವರ್ಷಕ್ಕಾಗುವಷ್ಟು ಸುಖವಾಗುತ್ತಿತ್ತು. ಹುಡುಗರು ಕೈಯಾಡಿಸಿ ತೋರಿಸುತ್ತಾರಲ್ಲ, ಅದು ಇದೇ ಎಂದು ನನಗೆ ಗೊತ್ತಿದೆ. ನನಗೂ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆಮೇಲೆ ಅವ್ವ ಹೋಳಿಗೆ ಬಡಿಸುತ್ತಿದ್ದರು, ತಿಂದು ಬಸ್ ಹಿಡಿಯುತ್ತಿದ್ದೆ.

ಮನೆಯಲ್ಲಿ ಮಹಾದೇವಿ ಕಾಯುತ್ತಿದ್ದಳು. "ವರ್ಷಾ ಹಬ್ಬದ ದಿನಾನ ಶಲವಡಿಗೆ ಓಡತೀರಲ್ಲ, ಅಲ್ಲೇನ ಇನ್ನೊಂದ ಸಂಸಾರ ಐತೇನ?"

"ಐತಿ. ಎರಡ ಕಣ್ಣಿಂದು."

"ನಂಗೇನ ಒಂದ ಐತೇನ?" ಎಂದು ಆಕೆ ಲಟ್ಟಣಿಗೆ ತೋರಿಸುತ್ತಿದ್ದಳು.

ನಾನು ಸ್ಟುಡಿಯೊ ಮುಚ್ಚಿದ ಮೇಲಿನ ಮಾತು ಇದು. ಒಂದು ದಿನ ನೀಲವ್ವನ ಮಗ ಬಸನಗೌಡನ ಫೋನು ಬಂತು. "ಕಾಕಾ, ಒಬ್ರು ಬಂದಾರ್ರಿ. ಅಪ್ಪನ ಕ್ಯಾಮೆರಾ ಕೇಳಾಕತ್ತಾರ. ನೀವು ಬಾಜೂಕ ಇದ್ರ ಛಲೋ." ಸಿಕ್ಕ ಬಸ್ ಹತ್ತಿದೆ. ಇಷ್ಟು ವರ್ಷ ಕಣ್ಣು ಕಾದವನು ನಾನು, ಒಯ್ಯುವವನು ಇನ್ನೊಬ್ಬನೇ ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ.

ಬಂದವನು ಹೆದ್ದಾರಿಯಲ್ಲಿ ಹೊಸ ಹೋಟೆಲು ಹಾಕುವವನು. ಗೋಡೆಯ ಅಲಂಕಾರಕ್ಕೆ ಹಳೆ ರೇಡಿಯೊ, ಹಳೆ ಲಾಟೀನು, ಹಳೆ ಕ್ಯಾಮೆರಾ ಕೂಡಿಹಾಕುತ್ತಿದ್ದ. ಬಸನಗೌಡ ಕೊಡಲು ತಯಾರಿದ್ದ. ಅವನದು ತಪ್ಪಲ್ಲ, ಅವನಿಗೆ ಅದು ಧೂಳು ಕೂರುವ ಡಬ್ಬಿ. ಅವ್ವ ಮಾತ್ರ ಕಂಬಕ್ಕೆ ಆನಿಕೊಂಡು ಕೂತಿದ್ದರು. ಮಗನ ಎದುರು, ಬಂದ ಅತಿಥಿಯ ಎದುರು ಮಾತು ಬೆಳೆಸುವ ಸ್ವಭಾವ ಅವರದಲ್ಲ.

ಹೋಟೆಲಿನವನು ಕ್ಯಾಮೆರಾ ಎತ್ತಿ ಎಲ್ಲ ಕಡೆ ತಿರುಗಿಸಿದ. "ಇದರ ಹೆಸರೆಲ್ಲೈತ್ರಿ?"

ನಾನು ಬಗ್ಗಿ ನೋಡಿದೆ. ಹಣೆಯ ಮೇಲೆ ಹೆಸರಿರಲಿಲ್ಲ. ಸೋಮವಾರದ ಮೇಲೆ ಸೋಮವಾರ ಅವ್ವನ ಮೂರು ಬೆರಳು ತಿಕ್ಕಿ ತಿಕ್ಕಿ ಕೊರೆದ ಅಕ್ಷರವೆಲ್ಲ ಸವೆದು, ಪಟ್ಟಿ ತೊಳೆದಿಟ್ಟ ಸ್ಟೀಲಿನ ತಾಟಿನ ಹಾಗೆ ಹೊಳೆಯುತ್ತಿತ್ತು. ವರ್ಷಾ ವರ್ಷಾ ಹೋದರೂ ನಾನು ಕಣ್ಣಷ್ಟೇ ನೋಡಿದ್ದೆ, ಹಣೆ ನೋಡಿರಲಿಲ್ಲ.

"ಹೆಸರ ಇಲ್ಲದ್ದ ತಗೊಂಡ ಏನ ಮಾಡ್ಲಿ? ಹೆಸರ ಕಂಡ್ರ ಮಂದಿ ಬಾಜೂಕ ನಿಂತ ಸೆಲ್ಫಿ ಹೊಡ್ಕೊಂತಾರ. ಇದನ್ನ ನೋಡಿದ್ರ ಇಲ್ಲೇ ಹುಬ್ಬಳ್ಳಿಯಾಗ ಮಾಡ್ಯಾರ ಅಂತಾರ" ಎಂದು ಅವನು ಕೆಳಗಿಟ್ಟ. ಬಸನಗೌಡ ನನ್ನ ಮುಖ ನೋಡಿದ. "ಕಾಕಾ, ನೀವರ ಹೇಳ್ರಿ."

ನಾನು ಬಾಯಿಯಲ್ಲಿ ಅಡಿಕೆ ಹಾಕಿಕೊಂಡೆ. ಉಸ್ತಾದರಿಂದ ಕಲಿತ ಇನ್ನೊಂದು ವಿದ್ಯೆ ಅದು, ಅಡಿಕೆ ಇದ್ದಾಗ ಮಾತಾಡಲು ಬರುವುದಿಲ್ಲ.

ಹೋಟೆಲಿನವನ ಕಾರು ಹೋದ ಮೇಲೆ ಅವ್ವ ಎದ್ದು ಬಂದು ಕ್ಯಾಮೆರಾವನ್ನು ಮಡಿಲಲ್ಲಿ ಇಟ್ಟುಕೊಂಡರು. "ಹೆಸರ ಹೋತಂತ ಇದರ ಜೀವಾನೂ ಹೋತೇನ ಈರಣ್ಣ?"

"ಇಲ್ರಿ ಅವ್ವಾರ. ಕಣ್ಣ ಛಲೋ ಅದಾವು. ಶಟರ್ ಬಡೀತೈತಿ."

"ಮತ್ತ ಅವಂಗೇನಾತು? ನನ್ನ ಹೆಸರ ಹಿಡದ ಕರದವರು ಈ ಊರಾಗ ಯಾರದಾರ? ಬಂದಾಗಿಂದ ಗೌಡಶಾನಿ ಅಂತಾರ. ನಾ ಏನ ಸತ್ತೇನೇನ?" ಸ್ವಲ್ಪ ಹೊತ್ತು ಅದರ ಹಣೆ ಸವರಿದರು. ಆಮೇಲೆ ತಲೆ ಎತ್ತಿ, "ಇದರಾಗ ನಂದೊಂದ ಫೋಟೊ ತಗಿ" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಇವರು ಎತ್ತಿನ ಫೋಟೊ ತಗದ್ರು, ಹೋರಿ ತಗದ್ರು. ನಂದೊಂದೂ ತಗೀಲಿಲ್ಲ. ಆಧಾರ ಕಾರ್ಡನ್ಯಾಗ ಒಂದೈತಿ, ಅದರಾಗ ಕೋಳಿ ಕದ್ದ ಸಿಕ್ಕವರಂಗ ಬಂದೇನಿ. ಸತ್ತ ಮ್ಯಾಲೆ ಕುಂದರಸಿ ತಗೀತೀರಿ. ಆವಾಗ ನಾ ಹೆಂಗ ನೋಡ್ಲಿ?"

ಹುಬ್ಬಳ್ಳಿಯ ಹುಡುಗನೊಬ್ಬ ಎಲ್ಲಿಂದಲೋ ತರಿಸಿ ನನಗೆ ಒಂದು ರೋಲ್ ಕೊಟ್ಟಿದ್ದ. ಆ ಗಾತ್ರದ್ದು ಈಗ ಸುಲಭಕ್ಕೆ ಸಿಗುವುದಿಲ್ಲ. ಒಂದು ರೋಲಿಗೆ ಹನ್ನೆರಡು ಫೋಟೊ. ನನ್ನ ಮನಸ್ಸಿನಲ್ಲಿ ಪಾಲು ಆಗಿಹೋಗಿತ್ತು. ಅವ್ವನಿಗೆ ಒಂದು, ಉಳಿದದ್ದು ನನಗೆ. ಯಮನೂರಿನ ದರ್ಗಾ, ಹಳ್ಳದ ದಂಡೆ, ಬಿರುಕು ಬಿಟ್ಟ ಎರೆಹೊಲ, ನವಲಗುಂದದ ಗುಡ್ಡ, ಕೊನೆಗೆ ಮಹಾದೇವಿ. ಇಷ್ಟು ವರ್ಷ ಕಾದದ್ದಕ್ಕೆ ಅಷ್ಟು ಸಿಗಬೇಡವೇ ಎಂದುಕೊಂಡೆ.

ಹೇಳಿದ ದಿನ ಹೋದೆ. ಅವ್ವ ಕೆಂಪಂಚಿನ ಇಳಕಲ್ ಸೀರೆ ಉಟ್ಟು ಅಂಗಳದಲ್ಲಿ ತಯಾರಾಗಿದ್ದರು. ಬಸನಗೌಡನ ಹೆಂಡತಿ ಶಾಂತವ್ವ ಕುರ್ಚಿ ತಂದಿಟ್ಟಳು. ಅವ್ವ ಅದನ್ನು ಕಾಲಿನಿಂದ ಸರಿಸಿದರು. "ಕುರ್ಚಿ ಬ್ಯಾಡ. ಕುಂದರಸೂದು ಹೆಂಗಿದ್ರೂ ಐತಿ. ನಾ ನಿಂತಕೊಂತೀನಿ."

ನಾನು ಕ್ಯಾಮೆರಾ ಹೊಟ್ಟೆಗೆ ಹಿಡಿದು, ಮುಚ್ಚಳ ತೆರೆದು, ತಲೆ ಬಗ್ಗಿಸಿ ಒಳಗೆ ನೋಡಿದೆ.

"ಯಾಕ ಬಗ್ಗಾಕತ್ತಿ? ನಮಸ್ಕಾರ ಮಾಡ್ತೀಯೇನ?"

"ಇಲ್ರಿ ಅವ್ವಾರ. ಇದರಾಗ ಮ್ಯಾಲಿಂದ ನೋಡಬೇಕ್ರಿ. ತಲಿ ಬಗ್ಗಿಸದಿದ್ರ ಎದುರಿನವ್ರು ಕಾಣೂದಿಲ್ಲ."

ಗಾಜಿನಲ್ಲಿ ಅವರ ಮುಖ ಒಮ್ಮೆ ಪಡಸಾಲೆಯ ಗೋಡೆಯ ಎತ್ತುಗಳ ಕಡೆ ತಿರುಗಿ, ಮತ್ತೆ ನನ್ನ ಕಡೆ ಬಂತು.

"ಈಗ ತಿಳೀತ ನೋಡು" ಎಂದರು.

"ಏನ್ರಿ?"

"ಇವರು ನಂದ್ಯಾಕ ತಗೀಲಿಲ್ಲ ಅಂತ. ನಾ ಎದುರಿಗೆ ಬಂದ ನಿಂತ್ರ ಡಬ್ಬಿ ಮುಚ್ಚತಿದ್ರು. ನನ್ನ ಮಾರಿ ಛಲೋ ಇಲ್ಲಂತ ತಿಳದಿದ್ದೆ. ಎತ್ತಿನ ಮುಂದ ಬಗ್ಗಿದ್ರ ಗೌಡ್ರು ಎತ್ತ ನೋಡಾಕತ್ತಾರ ಅಂತಾರ. ಹೆಂಡ್ತಿ ಮುಂದ ಬಗ್ಗಿದ್ರ ಮಂದಿ ಏನಂದಾರು?" ಎಂದು ನಕ್ಕರು. ನಗು ಒಳಗಿನಿಂದ ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಥೂ ಇವರ. ಇಷ್ಟ ಅಂತ ಗೊತ್ತಿದ್ರ ಕದಾ ಹಾಕ್ಕೊಂಡ ತಗಿಸ್ಕೊಂತಿದ್ದೆ."

ನಾನು ಒತ್ತಿದೆ.

"ಆತೇನ? ಇನ್ನೊಂದ ತಗಿ."

ಯಮನೂರಿನ ದರ್ಗಾ ಹೋಯಿತು. "ಬಾಗಲದಾಗ ನಿಂತ್ರ ಹೆಂಗ?" ಹಳ್ಳದ ದಂಡೆ ಹೋಯಿತು. "ಸೆರಗ ಹೊತ್ತಕೊಂಡ ಒಂದ." ಎರೆಹೊಲ ಹೋಯಿತು. "ಆಕಳ ಕೂಡ ಒಂದ. ಎತ್ತ ಬ್ಯಾಡ." ನವಲಗುಂದದ ಗುಡ್ಡ ಹೋಯಿತು. ಪ್ರತಿ ಸಲ ನಾನು ಬಗ್ಗುವುದನ್ನೇ ಅವ್ವ ನ್ಯಾಯಾಧೀಶರ ಹಾಗೆ ಕಾಯುತ್ತಿದ್ದರು. ಕೊನೆಗೆ ಮಹಾದೇವಿಯೂ ಹೋದಳು. ಹನ್ನೆರಡೂ ಅವ್ವನದೇ ಆದವು.

ನನ್ನ ಬಚ್ಚಲಮನೆಯಲ್ಲಿ ರೋಲ್ ತೊಳೆದೆ. ಫೋಟೊ ಹೇಗೆ ಬಂದವೆಂದರೆ, ಎತ್ತಿನ ಮೂಗಿನ ಹಸಿ ಕಂಡ ಹಾಗೆ ಅವ್ವನ ಕಣ್ಣಿನ ಹಸಿ ಕಂಡಿತು. ನಕ್ಕು ನಕ್ಕು ಬಂದ ನೀರು ಅದು. ಮಹಾದೇವಿ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿ, "ನನ್ನ ಪಾಲಿಂದ ಇವರಿಗೆ ಕೊಟ್ರೂ ನಡೀತೈತಿ ಬಿಡ್ರಿ" ಎಂದಳು. ಮದುವೆಯಾದಾಗಿನಿಂದ ನನ್ನ ಕ್ಯಾಮೆರಾದ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು ಅದು.

ಅವ್ವ ಒಂದನ್ನು ಆರಿಸಿ, ಕಟ್ಟು ಹಾಕಿಸಿ, ಜಗಲಿಯ ಮೇಲೆ ಗೌಡರ ಬಾಜುವಿಗೆ ಇಟ್ಟರು. ಶಾಂತವ್ವ ಗಾಬರಿಯಾದಳು. "ಅತ್ತಿ, ಬದುಕಿದ್ದವರ ಫೋಟೊ ಜಗಲಿ ಮ್ಯಾಲೆ ಇಡಬಾರದ್ರಿ."

"ಹಂಗಾರ ನಂದ ಇರ್ಲಿ, ಅವರದ್ದ ತಗಿ" ಎಂದರಂತೆ. ಎರಡೂ ಅಲ್ಲೇ ಇವೆ. ನಡುವೆ ಹೆಸರಿಲ್ಲದ ಕ್ಯಾಮೆರಾ, ಹಣೆಯ ಮೇಲೆ ವಿಭೂತಿ. ನನಗದು ಸಿಗಲಿಲ್ಲ, ಸಿಗುವುದೂ ಇಲ್ಲ.

ಆದರೆ ಇಷ್ಟು ಬರೆದದ್ದು ಆ ರೋಲಿನಲ್ಲಿ ಇಲ್ಲದ ಒಂದು ಫೋಟೊಕ್ಕಾಗಿ. ಹನ್ನೆರಡು ಮುಗಿದು, ಬಗ್ಗಿ ಬಗ್ಗಿ ಬೆನ್ನು ಹಿಡಿದು, ನಾನು ಮುಚ್ಚಳ ಮುಚ್ಚುತ್ತಿದ್ದೆ. ಶಾಂತವ್ವ ಚಹಾಕ್ಕೆ ಕರೆಯುತ್ತಿದ್ದಳು. ಅವ್ವ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಸೆರಗು ಸರಿಮಾಡಿಕೊಂಡರು, ಕೈ ಎರಡೂ ಮುಂದೆ ಜೋಡಿಸಿಕೊಂಡರು.

"ಈರಣ್ಣ, ಇನ್ನೊಂದ ಸಲ ಬಗ್ಗಪಾ."

ತಗಿ ಎನ್ನದೆ ಬಗ್ಗು ಎಂದರು. ರೋಲ್ ಮುಗಿದಿದೆ ಎಂದು ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಉಸ್ತಾದರು ನೆನಪಾದರು. ಮುಚ್ಚಳ ತೆರೆದೆ, ಶಟರಿನ ಕಡ್ಡಿ ಎಳೆದೆ, ತಲೆ ಬಗ್ಗಿಸಿದೆ. ಒತ್ತುವ ಮೊದಲು, ಕೆಲಸ ಶುರುಮಾಡಿದಂದಿನಿಂದ ಒಣಾ ಹೊಡೆಯುವಾಗ ಎಂದೂ ಮಾಡದ್ದನ್ನು ಮಾಡಿದೆ. ಅವ್ವನ ಮುಖ ಗಾಜಿನಲ್ಲಿ ಚೊಕ್ಕವಾಗಿ ಕೂಡುವ ತನಕ ಡಬ್ಬಿಯ ಕಣ್ಣು ಹೊಂದಿಸಿದೆ.